ಬಾಯಿ ಸೋಕಿದ ಲಾಳಿ

“ಹೊಲ್ಯಾರ ಸೂಳೆಮಗನ, ಹೋಗಿ ಹೋಗಿ ನಮ್ಮ ಲಾಳಿಗೆ ಬಾಯಿ ಹಚ್ಚೀಯಲ್ಲಲೇ!”

ನೇಕಾರರ ಮೇಸ್ತ್ರಿ, ಮುಕಾದಮ ಶೆಟ್ಟೆಪ್ಪ, ನನ್ನ ಕೊರಳಪಟ್ಟಿ ಹಿಡಿದು ಮಗ್ಗದಿಂದ ಈಚೆಗೆಳೆದ.

ಪರೇಲಿನ ಆ ಬಟ್ಟೆ ಮಿಲ್ಲಿನಲ್ಲಿ ನೂಲಿನ ಕಂಡಿಕೆ ಬದಲಿಸಿದಾಗಲೆಲ್ಲ ಲಾಳಿಯ ತೂತಿಗೆ ಬಾಯಿಟ್ಟು, ಉಸಿರೆಳೆದು ಎಳೆಯ ತುದಿ ಹೊರತರಬೇಕು. ಒಬ್ಬರ ಎಂಜಲು ಇನ್ನೊಬ್ಬರಿಗೆ. ಅದಕ್ಕೇ ನಮ್ಮ ಕೇರಿಯವರಿಗೆ ನೇಯುವ ಖಾತೆಯ ಬಾಗಿಲು ಮುಚ್ಚಿತ್ತು. ನೂಲುವ ಖಾತೆಯಲ್ಲಿ ಕಡಿಮೆ ಪಗಾರಕ್ಕೆ ಸಾಯಬೇಕು. ಕಾಶಪ್ಪನೆಂಬ ನಾನು ಜಾತಿ ಮುಚ್ಚಿಟ್ಟು ಎರಡು ವರ್ಷ ನೇಯ್ದೆ. ನಿನ್ನೆ ಊರಿಂದ ಬಂದವನೊಬ್ಬ ನನ್ನ ಅಪ್ಪನ ಹೆಸರನ್ನೂ ಕೇರಿಯನ್ನೂ ಶೆಟ್ಟೆಪ್ಪನ ಕಿವಿಗೆ ಹಾಕಿದ್ದ.

ಆರು ತಿಂಗಳಿಂದ ನನಗೆ ಜ್ವರ. ದಿನಾ ರಾತ್ರಿ ಮೈ ಕಾದು ಹೆಂಚಾಗುತ್ತಿತ್ತು, ಬೆಳಗಿನ ಜಾವ ಬೆವರಿಗೆ ಕೌದಿ ತೊಯ್ಯುತ್ತಿತ್ತು, ಮಿಲ್ಲಿನ ಭೋಂಗಾ ಊದುವ ಹೊತ್ತಿಗೆ ಏನೂ ಇಲ್ಲ. ನನ್ನ ಹೆಂಡತಿ ನಾಗವ್ವ ಹಣೆಗೆ ಭಂಡಾರ ಹಚ್ಚಿ ಅಳುತ್ತಿದ್ದಳು.

“ಎಲ್ಲವ್ವ ಮುನದಾಳ. ಸುಳ್ಳು ಹೇಳಿ ದೊಡ್ಡ ಮಂದಿ ಲಾಳಿ ಮೈಲಿಗಿ ಮಾಡೀಯಲ್ಲ, ಸುಮ್ನ ಬಿಡ್ತಾಳೇನ?”

ನಾನೂ ನಂಬಿದ್ದೆ. ಈಗ ನಾಚಿಕೆಯಾಗುತ್ತದೆ.

ಮೊನ್ನೆ ಧರ್ಮಾಸ್ಪತ್ರೆಯ ಡಾಕ್ಟರು ಎದೆಯ ಫೋಟೊವನ್ನು ಬೆಳಕಿಗೆ ಹಿಡಿದು ಕ್ಷಯ ಅಂದರು. ನಾವಿರುವ ಚಾಳಿನ ಖೋಲಿಗಳಲ್ಲಿ ಕೆಮ್ಮುವವರು ಯಾರು ಎಂದು ಕೇಳಿದರು. ಯಾರೂ ಇರಲಿಲ್ಲ. ಕೆಲಸ ಏನೆಂದು ಕೇಳಿದರು. ಲಾಳಿಯ ಕಥೆ ಹೇಳಿದೆ. ಪೆನ್ನು ಕೆಳಗಿಟ್ಟರು.

“ನಿನಗಿಂತ ಮುಂಚೆ ಅದಕ್ಕೆ ಬಾಯಿಡುವವನು ಕೆಮ್ಮುತ್ತಾನಾ?”

ಮೊದಲ ಉಸಿರು ಮುಕಾದಮನದು ಎಂಬುದು ನಮ್ಮ ಖಾತೆಯ ರಿವಾಜು. ಪಾಳಿ ಶುರುವಾಗುವಾಗ ಪ್ರತಿ ಮಗ್ಗದ ಲಾಳಿಯನ್ನೂ ಶೆಟ್ಟೆಪ್ಪ ತಾನೇ ಹೀರಿ, ತೀರ್ಥ ಕೊಟ್ಟ ಹಾಗೆ ನಮ್ಮ ಕೈಗಿಡುತ್ತಿದ್ದ. ಆಮೇಲೆ ಕೆಮ್ಮಿ, ಕರವಸ್ತ್ರ ಮಡಚಿ ಜೇಬಿಗೆ ಸೇರಿಸುತ್ತಿದ್ದ. ಅದರ ಕೆಂಪನ್ನು ಎಲೆಅಡಿಕೆ ಅಂದುಕೊಂಡಿದ್ದೆವು.

ಈಗ ಅವನು ಗೋಮೂತ್ರದ ಬೋಗುಣಿಯನ್ನು ನನ್ನ ಕಾಲ ಮುಂದೆ ಕುಕ್ಕಿದ.

“ಎಲ್ಲಾ ಲಾಳಿ ತೊಳಿ. ತೊಳದು ಹಾಳಾಗಿ ಹೋಗು.”

“ತೊಳಿಯೂದು ನಿನ್ನ ಬಾಯಿ, ಮುಕಾದಮ,” ಎಂದೆ, ನೇಕಾರರಿಗೆಲ್ಲ ಕೇಳುವ ಹಾಗೆ. “ನನಗ ಕ್ಷಯ ಐತಿ. ದಿನಾ ರಾತ್ರಿ ಜ್ವರ. ಡಾಕ್ಟರು ನೋಡ್ಯಾರ. ನನ್ನ ಎದಿ ತಿನ್ನೂದು ಎಲ್ಲವ್ವ ಅಲ್ಲ, ನಿನ್ನ ಎಂಜಲ. ತಗಿ, ಕರವಸ್ತ್ರ ತಗದು ತೋರಸು.”

ಶೆಟ್ಟೆಪ್ಪನ ಕೈ ಜೇಬನ್ನು ಮುಚ್ಚಿಕೊಂಡಿತು.

ಪಕ್ಕದ ಮಗ್ಗದ ಶಂಕ್ರೆಪ್ಪ, ನಿನ್ನೆಯಿಂದ ನನ್ನ ನೆರಳಿನಿಂದಲೂ ದೂರ ಸರಿದು ನಿಂತವನು, ಮಗ್ಗ ನಿಲ್ಲಿಸಿದ.

“ನನಗೂ ರಾತ್ರಿ ಮೈ ಸುಡತೈತಿ,” ಅಂದ. ಅವನಾಚೆ ಇನ್ನೊಂದು ಮಗ್ಗ ನಿಂತಿತು. ಮತ್ತೊಂದು.

ನಾನು ಲಾಳಿಗೆ ಹೊಸ ಕಂಡಿಕೆ ಹಾಕಿ, ತೂತಿಗೆ ಬಾಯಿಟ್ಟು, ಜೀವವೆಲ್ಲ ಕೂಡಿಸಿ ಹೀರಿದೆ. ಎಳೆಯನ್ನು ತುಂಡರಿಸಿ, ಒದ್ದೆ ಲಾಳಿಯನ್ನು ಅವನ ತುಟಿಗೆ ಒತ್ತಿ ಹಿಡಿದೆ.

“ಹೀರಲೇ.”

ಅವನು ಕೊಸರಾಡಿದ, ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆದ. ಬಿಡಿಸಲು ಯಾರೂ ಬರಲಿಲ್ಲ.