ದೊಡ್ಡ ಅಳತೆಯ ಬಳೆ

ಸಾಬೂನು ಹಚ್ಚಿದರೂ ಬಳೆ ಗೆಣ್ಣು ದಾಟಲಿಲ್ಲ. ಫರಹತ್ ನೀರಿನ ನಲ್ಲಿ ಬಂದ್ ಮಾಡಿ, ಮೀರಾಬಾಯಿಯ ಕೈಯನ್ನು ಮೆತ್ತಗೆ ಟವೆಲ್ಲಿನ ಮೇಲೆ ಇಟ್ಟಳು.

"ಅಮ್ಮಾ, ಬ್ಯಾನಿ ಆಗಾಕತ್ತದೇನ್ರಿ?"

"ಇಲ್ಲವಾ."

ಅತ್ತೆಯ ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮಡಚಿಕೊಂಡದ್ದನ್ನು ಪೂನಂ ನೋಡಿದಳು. ಅತ್ತೆಯ ಬಾಯಿ 'ಇಲ್ಲ' ಎಂದಾಗ ಕಾಲನ್ನು ನೋಡಬೇಕು. ಮದುವೆಯಾಗಿ ಬಂದ ಮೇಲೆ ಅವಳು ಕಲಿತ ಮೊದಲ ಸಂಗತಿಗಳಲ್ಲಿ ಅದೂ ಒಂದು.

ಹುಮನಾಬಾದಿನಲ್ಲಿ ಔಷಧಿ ಅಂಗಡಿಯೊಂದರ ಹಿಂದಿನ ಕೋಣೆ ಅದು. ಕೀಲುವಾತದವರಿಗೆ ಫರಹತ್ ಇಲ್ಲಿ ವ್ಯಾಯಾಮ ಹೇಳಿಕೊಡುತ್ತಾಳೆ, ಮಾಲೀಸು ಮಾಡುತ್ತಾಳೆ. ಡಾಕ್ಟರ ಗುಳಿಗೆಗಳು ಕೆಲಸ ಮಾಡುತ್ತಿದ್ದರೂ ಮೀರಾಬಾಯಿಯ ಬೆರಳುಗಳು ಬೆಳಗಿನ ಹೊತ್ತು ಮುಷ್ಟಿ ಬಿಚ್ಚುತ್ತಿರಲಿಲ್ಲ. ಲೋಟ ಹಿಡಿಯಲು ಎರಡೂ ಅಂಗೈ ಬೇಕಾಗುತ್ತಿದ್ದವು. ಅದಕ್ಕೇ ಬಸವಕಲ್ಯಾಣದಿಂದ ಬಸ್ಸು ಹತ್ತಿ ಬಂದಿದ್ದರು.

"ಬಳಿ ಇದ್ರ ನಾ ಮುಂಗೈ ಮುಟ್ಟಂಗಿಲ್ರಿ," ಎಂದಳು ಫರಹತ್. "ನೋಡ್ರಿ, ಈಗೇ ಚರ್ಮದಾಗ ಗೀರು ಬಿದ್ದಾವ. ಬಾವು ಇನ್ನೊಂದು ಜರಾ ಏರಿದ್ರ ಬಳಿ ಒಳಗ ಹೂತ ಹೋಗ್ತಾವ. ಆಮ್ಯಾಲ ದವಾಖಾನ್ಯಾಗ ಕತ್ತರಸಬೇಕಾಗ್ತದ."

"ಒಡೀಬೇಕಂತೀ ಏನ್?" ಮೀರಾಬಾಯಿ ಕೈ ಹಿಂದಕ್ಕೆಳೆದುಕೊಂಡಳು. ಹಸಿರು ಬಳೆಗಳು ಸದ್ದು ಮಾಡಲಿಲ್ಲ. ಸದ್ದು ಮಾಡಲು ಅವಕ್ಕೆ ಜಾಗವೇ ಇರಲಿಲ್ಲ.

ಫರಹತ್ ದನಿ ತಗ್ಗಿಸಿ ಪೂನಂಳನ್ನು ಕೇಳಿದಳು. "ಯಜಮಾನ್ರು ಅದಾರೇನ್ರಿ?"

ಪೂನಂ ಅತ್ತೆಯ ಕಡೆ ನೋಡಿದಳು. ಅತ್ತೆ ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡುತ್ತಿದ್ದಳು. ಮಾವ ಶಂಕರಲಿಂಗ ಊರವರ ಜೊತೆ ತುಳಜಾಪುರಕ್ಕೆ ನಡೆದುಕೊಂಡು ಹೋದವರು, ದೇವಿಯ ದರ್ಶನ ಮಾಡಿದವರು, ವಾಪಸು ಬರಲಿಲ್ಲ. ಸೋಲಾಪುರದಲ್ಲಿ ಚಹಾ ಕುಡಿಯುತ್ತಿದ್ದುದನ್ನು ಕಂಡೆವೆಂದು ಒಮ್ಮೆ ಯಾರೋ ಹೇಳಿದರು. ಹೋಗಿ ಹುಡುಕಿದರೆ ಸಿಗಲಿಲ್ಲ. ಪೂನಂ ಆ ಮನೆಗೆ ಸೊಸೆಯಾಗಿ ಬಂದದ್ದೇ ಆಮೇಲೆ. ಅವರ ಫೋಟೋ ದೇವರ ಜಗಲಿಯಲ್ಲೂ ಇಲ್ಲ, ತೀರಿಹೋದವರ ಸಾಲಿನಲ್ಲೂ ಇಲ್ಲ. ಟೀವಿಯ ಪಕ್ಕ ಇದೆ. ಅದನ್ನು ಒರೆಸುವಾಗಲೆಲ್ಲ ಯಾವ ಮುಖ ಮಾಡಿಕೊಂಡು ಒರೆಸಬೇಕೆಂದು ಅವಳಿಗೆ ತಿಳಿಯುವುದಿಲ್ಲ.

"ಊರಾಗ ಇಲ್ರಿ," ಎಂದಳು. ಅದು ಸುಳ್ಳಲ್ಲ.

ಹೊರಗೆ ಬಂದು ಗಂಡನಿಗೆ ಫೋನು ಮಾಡಿದಳು. ಅಜೀತ ಔಷಧಿ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ.

"ಅವ್ವ ಏನಂತಾಳ?"

"ಏನೂ ಅನವಲ್ರು. ನೀವು ಏನಂತೀರಿ?"

"ತೆಗಸು. ಕೈಕಿಂತ ಬಳಿ ಹೆಚ್ಚೇನು?" ಯಂತ್ರದ ಸದ್ದು ಕೇಳಿಸಿತು. "ಅಲ್ಲ, ತಡಿ. ಅಪ್ಪ ನಾಳೆ ಬಂದು ಬಾಗಲಾಗ ನಿಂತ್ರ... ನೀನ ನೋಡು, ಪೂನಂ. ನೀ ಶಾಣ್ಯಾಕಿ ಅದಿ."

ಶಾಣ್ಯಾಕಿ! ಫೋನು ಚೀಲಕ್ಕೆ ಹಾಕುವಾಗ ಅವಳಿಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ. ಮಾವ ಸತ್ತಿದ್ದಾರೆಂದು ಅವಳು ಒಳಗೊಳಗೆ ನಂಬಿದ್ದಳು. ಹಾಗಿದ್ದರೂ ಬಳೆ ಒಡೆಯುವ ಮಾತಿಗೆ ತಾನು ಯಾಕೆ ಹಿಂಜರಿಯಬೇಕು? ಅತ್ತೆ ಮಾವನಿಗಾಗಿ ಕಾಯುತ್ತಿರುವುದು ಖರೆಯೋ, ಕೈಯಿಂದ ಬಳೆ ಕಳಚಿ ಬರುತ್ತಿಲ್ಲವೆಂದಷ್ಟೇ ಕಾಯುತ್ತಿರುವುದೋ?

ಒಳಗೆ ಹೋದಾಗ ಮೀರಾಬಾಯಿಯೇ ಮಾತು ತೆಗೆದಳು. "ಕೈ ಬೋಳ ಬಿಡಬಾರದು. ಒಡಿಯೂ ಮೊದಲ ಒಂದು ದಾರ ಕಟ್ಟು."

ಪೂನಂ ತನ್ನ ಸೆರಗಿನ ಅಂಚಿನಿಂದ ಎಳೆಗಳನ್ನು ಹಿರಿದು ಅತ್ತೆಯ ಎರಡೂ ಮುಂಗೈಗೆ ಸಡಿಲವಾಗಿ ಕಟ್ಟಿದಳು. ಫರಹತ್ ಬಳೆಯ ಕೆಳಗೆ ಮಡಚಿದ ಬಟ್ಟೆ ತೂರಿಸಿ, ಇಕ್ಕಳದ ಬಾಯನ್ನೂ ಹತ್ತಿಯಿಂದ ಸುತ್ತಿಕೊಂಡಳು. "ನಮ್ಮ ತಾಯಿ ತಂಗಿ, ಖಾಲಾಗೂ ಹಿಂಗೇ ಮಾಡಿದ್ದೆ. ಆಕಿ ನನಗ ತಿಂಗಳಾನುಗಟ್ಲೆ ಬೈದ್ಲು. ನೀವೂ ಬೈರಿ, ಅಮ್ಮಾ. ಬೈದ್ರ ಕೈ ಹಗುರ ಆಗ್ತದ."

"ನಿನಗ್ಯಾಕ ಬೈಲಿ? ಬೈಸ್ಕೋಬೇಕಾದಾಂವ ಬ್ಯಾರೇನ ಅದಾನ," ಎಂದಳು ಮೀರಾಬಾಯಿ.

ಮೊದಲ ಬಳೆ ಟಕ್ಕೆಂದಿತು. ಅತ್ತೆ ಮುಖ ತಿರುಗಿಸಿದಳು. ಈ ಸಲ ಪೂನಂ ಕಾಲಿನ ಕಡೆ ನೋಡಲಿಲ್ಲ. ಚೂರುಗಳನ್ನು ಕಸಕ್ಕೆ ಹಾಕಬೇಡವೆಂದು ಅತ್ತೆ ಹೇಳಿದ್ದರಿಂದ ಕರವಸ್ತ್ರದಲ್ಲಿ ಗಂಟು ಕಟ್ಟಿದಳು.

ಆಮೇಲೆ ಫರಹತ್ ಬೆಚ್ಚಗಿನ ಎಳ್ಳೆಣ್ಣೆ ತೆಗೆದುಕೊಂಡಳು. ಕೀಲಿನ ಮೇಲೆ ಒತ್ತಲಿಲ್ಲ. ಅಂಗೈಯ ಗುಡ್ಡೆಯನ್ನು, ಬೆರಳುಗಳ ನಡುವಿನ ಕಣಿವೆಯನ್ನು, ಮುಂಗೈಯಿಂದ ಮೊಣಕೈವರೆಗಿನ ಸ್ನಾಯುವನ್ನು ನೀವಿದಳು. "ಕೀಲು ಕೆಂಪಗಾಗಿ ಬಿಸಿ ಇದ್ದ ದಿನ ಕೈ ಹಚ್ಚಬ್ಯಾಡ್ರಿ, ತಂಗಿ. ಉಳದ ದಿನ ಮುಂಜಾನೆ ಮಾಡ್ರಿ. ಜೋರ ಬ್ಯಾಡ." ಬಳೆ ಇದ್ದ ಜಾಗದ ಚರ್ಮ ಬೆಳ್ಳಗೆ, ತೆಳ್ಳಗೆ ಇತ್ತು. ಅಲ್ಲಿ ಬೆರಳು ತಾಗಿದಾಗ ಮೀರಾಬಾಯಿ ಕಣ್ಣು ಮುಚ್ಚಿಕೊಂಡಳು. ಹಾಯೆನಿಸಿತೋ, ನಾಚಿಕೆಯೋ, ಪೂನಂಳಿಗೆ ತಿಳಿಯಲಿಲ್ಲ.

ಬಸವಕಲ್ಯಾಣದಲ್ಲಿ ಇಳಿದವರೇ ಮೊದಲು ಮಹೆಬೂಬನ ಬಳೆ ಅಂಗಡಿಗೆ ಹೋದರು. ಅದು ಅತ್ತೆಯ ಹಟ. ದಾರ ಕಟ್ಟಿದ ಕೈಗಳನ್ನು ದಾರಿಯುದ್ದಕ್ಕೂ ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ಬರ್ರಿ ಬಾಯೋರ, ಹಸರ ಬಂದಾವ." ಮಹೆಬೂಬ ದಾರ ನೋಡಿದ. ರೂಢಿಯಂತೆ ಕೈ ಹಿಡಿದು ಗೆಣ್ಣು ಹಿಸುಕಲು ಹೋದ.

"ಒತ್ತಬ್ಯಾಡ್ರಿ!" ಪೂನಂ ಕೂಗಿಬಿಟ್ಟಳು.

"ಒತ್ತದ ಬಳಿ ಹ್ಯಾಂಗ ಏರ್ತಾವ, ಅಕ್ಕೋರ?"

"ದೊಡ್ಡ ಅಳತಿ ಕೊಡ್ರಿ."

"ದೊಡ್ಡದಂದ್ರ ಇವ ನೋಡ್ರಿ, ಪೈಲ್ವಾನರ ಹೆಂಡ್ತ್ಯಾರದು." ಮೀರಾಬಾಯಿ ನಕ್ಕಳು. ಬಳೆಗಳು ತಾವಾಗಿಯೇ ಗೆಣ್ಣು ದಾಟಿ ಮುಂಗೈಗೆ ಬಂದವು. ಮಹೆಬೂಬನ ಕೈಗಳಿಗೆ ಕೆಲಸವಿಲ್ಲದಂತಾಗಿ ಅವನು ಸುಮ್ಮನೆ ತೊಡೆ ಉಜ್ಜಿಕೊಂಡ. ಕೈ ಕೆಳಗಿಳಿಸಿದರೆ ಬಳೆ ಜಾರುತ್ತಿದ್ದವು. ಮನೆಯವರೆಗೂ ಮೀರಾಬಾಯಿ ಏನೋ ಹೊತ್ತವಳಂತೆ ಮೊಣಕೈ ಮಡಚಿ ನಡೆದಳು. ಹೆಜ್ಜೆಗೊಮ್ಮೆ ಗಾಜಿನ ಸದ್ದು.

ಮರುದಿನ ಮುಂಜಾನೆ ಪೂನಂ ಎಣ್ಣೆ ಬೆಚ್ಚಗೆ ಮಾಡಿ ತಂದಾಗ ಬಳೆಗಳು ಕಿಟಕಿಯ ಕಟ್ಟೆಯ ಮೇಲಿದ್ದವು. ಬಳೆಯ ನಡುವೆ ಬಿಚ್ಚಿದ ದಾರಗಳೂ ಇದ್ದವು. ಮೀರಾಬಾಯಿ ಬೋಳುಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು.

ಪೂನಂ ಕೀಲು ಮುಟ್ಟಿ ನೋಡಿದಳು, ಬಿಸಿ ಇರಲಿಲ್ಲ. ಹೇಳಿಕೊಟ್ಟಂತೆ ನೀವಿದಳು. ಮುಷ್ಟಿ ಮೆಲ್ಲಗೆ ಸಡಿಲಾಯಿತು. ಮುಗಿದ ಮೇಲೆ ಕೈ ಒರೆಸಿಕೊಂಡು ಬಳೆಗಳನ್ನು ಎತ್ತಿಕೊಂಡಳು.

"ಕೈ ಕೊಡ್ರಿ, ಅತ್ತಿ."

"ತಡಿ," ಎಂದಳು ಮೀರಾಬಾಯಿ. "ಎಣ್ಣಿ ಇಂಗಲಿ."

ಪೂನಂ ಬಳೆಗಳನ್ನು ಹಿಡಿದುಕೊಂಡು ನಿಂತಳು. ಬಿಸಿಲು ಕಟ್ಟೆ ದಾಟಿ ಅತ್ತೆಯ ಮೊಣಕಾಲಿನವರೆಗೆ ಬಂತು. ಎಣ್ಣೆ ಇಂಗಿ ಬಹಳ ಹೊತ್ತಾಗಿತ್ತು. ಮೀರಾಬಾಯಿ ಬೆರಳುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು, ಮಡಚುತ್ತಿದ್ದಳು, ಮತ್ತೆ ಬಿಚ್ಚುತ್ತಿದ್ದಳು.