ಗ್ವಾಡೆವ್ವ ನಕ್ಕಳೇನು?

ಅಫಜಲಪುರದಿಂದ ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ದೌಲತರಾಯ ಸರ್ ಒಮ್ಮೆ ಇಂಗ್ಲಿಷಿನಲ್ಲಿ ಗದರಿದ್ದಕ್ಕೆ ಭೀಮಾ ನದಿ ಹೆದರಿ ಹಿಂದಕ್ಕೆ ಹರಿದಿತ್ತು. ಮೀನುಗಳು ದಂಡೆಗೆ ಬಂದು ತಪ್ಪಾಯಿತು ಎಂದಿದ್ದವು. ಸೀಟಿಲ್ಲ ಎಂದಿದ್ದ ಕಂಡಕ್ಟರ್ ಅಂದಿನಿಂದ ಇಂದಿನವರೆಗೆ ಸರ್ ಕಂಡರೆ ಡ್ರೈವರನ ಸೀಟನ್ನೇ ಬಿಡಿಸಿಕೊಡುತ್ತಾನೆ. ನಂಬಿಕೆ ಬರದಿದ್ದವರು ದೌಲತರಾಯರನ್ನೇ ಕೇಳಬಹುದು. ಬೇರೆ ಸಾಕ್ಷಿಗಳು ಯಾರೂ ಸಿಕ್ಕಿಲ್ಲ.

ಮೂರು ತಾಲೂಕುಗಳ ಕಾಲೇಜುಗಳನ್ನು ಸುತ್ತಿ ಇಂಗ್ಲಿಷ್ ಪಾಠ ಹೇಳುವ ಅತಿಥಿ ಉಪನ್ಯಾಸಕ ಅವರು. ಆ ದಿನ ಆಳಂದದ ಕಾಲೇಜಿನಲ್ಲಿ ವಿಚಾರ ಸಂಕಿರಣವಿತ್ತು. ವಿಷಯ, ಇಂಗ್ಲಿಷ್ ಸಾಹಿತ್ಯದಲ್ಲಿ ಪುರಾಣ, ನಂಬಿಕೆ ಮತ್ತು ಸಮಾಜ ವಿಮರ್ಶೆ. ಪ್ರಬಂಧ ಓದುವವಳು ಕೊನೆಯ ವರ್ಷದ ಮುಸ್ಕಾನ.

"ಹೆಸರಿಗೆ ಹುಡುಗಿ ಅಷ್ಟ ರೀ," ಎಂದು ಬೆಳಿಗ್ಗೆ ಚಹಾ ಕುಡಿಯುತ್ತ ಪ್ರಿನ್ಸಿಪಾಲ ಅನೀಲಕುಮಾರರಿಗೆ ಸರ್ ಹೇಳಿದ್ದರು. "ಅಕ್ಷರ ಅಕ್ಷರಾ ನಾನೇ ಬರದೇನಿ. ಲಂಡನ್ನಿನವರು ಓದಿದ್ರ ಟೊಪಗಿ ತಗದು ಒಲಿಗೆ ಹಾಕ್ತಾರ." ಅವಳು ತಿದ್ದಲು ಕೊಟ್ಟ ಪ್ರತಿ ಮಾತ್ರ ಒಂದು ವಾರದಿಂದ ಅವರ ಚೀಲದಲ್ಲಿ, ಬುತ್ತಿಡಬ್ಬಿಯ ಕೆಳಗೆ, ಎಣ್ಣೆ ಕುಡಿಯುತ್ತ ಮಲಗಿತ್ತು.

ಮುಸ್ಕಾನ ಇಂಗ್ಲಿಷಿನಲ್ಲೇ ಶುರು ಮಾಡಿದಳು. ಸೇತುವೆ ನಿಲ್ಲಲಿ, ಕೋಟೆ ನಿಲ್ಲಲಿ ಎಂದು ಜೀವ ಬಲಿ ಕೊಟ್ಟ ಹಳೆಯ ಕಥೆಗಳನ್ನು ಇಂಗ್ಲೆಂಡಿನ ಬರಹಗಾರರು ಸುಮ್ಮನೆ ಹಾಡಿಕೊಂಡು ಕೂರಲಿಲ್ಲ, ಮಕ್ಕಳನ್ನು ನುಂಗುವ ಗಿರಣಿಗಳ ಮಾಲೀಕರ ಮುಖಕ್ಕೆ ಎಸೆದರು ಎಂದಳು. ಮುಂದಿನ ಸಾಲಿನಲ್ಲಿದ್ದ ಕಾಲೇಜಿನ ಅಧ್ಯಕ್ಷ ಸಿದ್ದಲಿಂಗ ಸಾಹುಕಾರರು ಅರ್ಥವಾಗದ ಭಾಷೆಗೆ ತಲೆದೂಗಿದರು. ಪಕ್ಕದಲ್ಲಿ ಅವರ ಹೆಂಡತಿ ಶಿವಕಾಂತಾ.

ಆಗ ಹುಡುಗಿ ಕನ್ನಡಕ್ಕೆ ಇಳಿದಳು.

"ನರೋಣಾ ದಾಟಿದ ಮ್ಯಾಲ ನಮ್ಮೂರಾಗ ಒಂದು ವಾಡೆ ಅದ, ಅರಮನಿಯಂಥಾ ಮನಿ. ಅದರ ಬುರುಜು ನಿಲ್ಲವಲ್ದು ಅಂತ ಮನಿ ಸೊಸೀನ್ನ ಒಳಗ ನಿಂದ್ರಿಸಿ ಕಲ್ಲು ಕಟ್ಟಿದ್ರು. ಈಗ ಆಕಿ ಗ್ವಾಡೆವ್ವ, ಗ್ವಾಡಿಯಾಗಿನ ದೇವರು. ನಮ್ಮ ನಾನಿ ಖಾಸೀಂಬಿನೂ ಹಸಿರು ಬಳಿ ಏರಿಸ್ತಾಳ. ವಾಡೆಗೆ ಹೊಸಾ ಸೊಸಿ ಬಂದ್ರ ಗ್ವಾಡಿಗೆ ಕಿವಿ ಹಚ್ಚಬೇಕು. ಗ್ವಾಡೆವ್ವ ಏನಂದಳು ಅಂತ ಕೇಳ್ತಾರ. ನಕ್ಕಳು ಅನ್ನಬೇಕು. ಅಂದ ಮ್ಯಾಲೇ ಹೋಳಗಿ. ಕೊಂದವರ ಹೆಸರು ವಾಡೆ ಬಾಗಲದ ಮ್ಯಾಲ ಕೆತ್ಯಾರ. ಸತ್ತಾಕಿ ಹೆಸರು ಏನು? ಯಾರಿಗೂ ಗೊತ್ತಿಲ್ಲ!"

ಸಾಹುಕಾರರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ದೌಲತರಾಯರ ಕಿವಿಗೆ ಅದು ಬುರುಜು ಬಿದ್ದಂತೆ ಕೇಳಿಸಿತು. ಆ ವಾಡೆ ಸಾಹುಕಾರರದೇ.

"ಯಾಕ ಬೇ, ನಮ್ಮ ಕಾಲೇಜಿನಾಗ ಕಲತು ನಮ್ಮ ದೇವರಿಗೇ ಬೈತಿ? ಕೈ ಮುಗದು ತಪ್ಪಾತು ಅನ್ನು. ಇಲ್ಲಂದ್ರ ಪರೀಕ್ಷಾಕ್ಕ ಹ್ಯಾಂಗ ಕೂಡ್ತಿ ನೋಡ್ತೇನಿ."

"ದೇವರಿಗೆ ಬೈದಿಲ್ರಿ. ಕಟ್ಟಿದವರಿಗೆ ಬೈದೇನಿ. ಶರಣರ ಜಯಂತಿ ದಿನ ದೇಹಾನೇ ಗುಡಿ ಅಂತ ಭಾಷಣ ಮಾಡ್ತೀರಿ. ಸೊಸೀಗೆ ದೇಹ ಇರಲಿಲ್ಲೇನ್ರಿ?"

ಅನೀಲಕುಮಾರರು ನಡುವೆ ನುಗ್ಗಿದರು. "ಸಾಹುಕಾರ್ರೇ, ಹುಡುಗೀದು ತಪ್ಪಿಲ್ಲ. ಅದನ್ನ ಬರದಂವ ದೌಲತರಾಯ. ಮುಂಜಾನೆ ತಾನೇ ಹೇಳ್ಯಾನ."

ಇಡೀ ಸಭೆ ಹಿಂತಿರುಗಿ ನೋಡಿತು. ದೌಲತರಾಯರ ಕಣ್ಣು ಬಾಗಿಲ ಕಡೆ ಹೋಯಿತು. ಆದರೆ ವೇದಿಕೆಯ ಮೇಲೆ ಆ ಹುಡುಗಿ ಒಬ್ಬಳೇ ನಿಂತಿದ್ದಳು, ಕೈ ಮುಗಿಯದೆ. ಸುತ್ತ ಓದಿದವರೆಲ್ಲ ನೆಲ ನೋಡುತ್ತಿದ್ದರು. ಸರ್ ಅವರಿಗೆ ಜೋಳದ ಒಣ ದಂಟಿಗೆ ಕಿಡಿ ಬಿದ್ದಂಥ ಸಿಟ್ಟು ಬಂತು. ಹುಟ್ಟಿದಾಗಿನಿಂದ ಹೇಳಿದ ಸುಳ್ಳುಗಳಲ್ಲಿ ಇದೊಂದಾದರೂ ಉಪಯೋಗಕ್ಕೆ ಬರಲಿ.

"ಹೌದ್ರಿ," ಎಂದರು. "ನಾನೇ ಬರದೇನಿ. ಇನ್ನೂ ಕಡಿಮೀನೇ ಬರದೇನಿ."

"ನಾಳಿಂದ ಈ ಕಡಿ ಕಾಲಿಡಬ್ಯಾಡ," ಎಂದರು ಸಾಹುಕಾರರು.

"ಇಡಂಗಿಲ್ರಿ." ದೌಲತರಾಯರ ಎದೆ ಉಬ್ಬಿ ಅಂಗಿಯ ಗುಂಡಿಗಳು ಕಲಬುರಗಿಯವರೆಗೆ ಸಿಡಿದವು. ಹುಡುಗಿ ಉಳಿದಳು. ಇನ್ನೇನು ಅವಳು ಬಂದು ಕಾಲು ಮುಟ್ಟುತ್ತಾಳೆ ಎಂದುಕೊಂಡರು.

ಮುಸ್ಕಾನಳ ಸಿಟ್ಟು ಸಾಹುಕಾರರನ್ನು ಬಿಟ್ಟು ಅವರ ಮೇಲೆ ತಿರುಗಿತು.

"ನೀವು ಬರದೀರಿ? ಹಂಗಾದ್ರ ಕೊನೀಗೆ ಏನದ ಹೇಳ್ರಿ. ನಾ ಇಲ್ಲಿ ಇನ್ನೂ ಓದಿಲ್ಲ ಅದನ್ನ."

"ಕೊನೀಗೆ... ಸೇತುವಿ ಬೀಳ್ತದ. ಇಂಗ್ಲಿಷರ ರಾಜ ಬಂದು ಗ್ವಾಡೆವ್ವನ ಮುಂದ ಮಂಡಿ ಊರಿ..."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮುಸ್ಕಾನ ನಗಲಿಲ್ಲ. "ವಾಡೆಯವರು ಆಕಿ ಹೆಸರು ನುಂಗಿದ್ರು. ನೀವು ನನ್ನ ಹೆಸರು ನುಂಗಾಕತ್ತೀರಿ. ಆಕೀನ ಕಟ್ಟಿದವರೂ ಆಕಿ ಒಳ್ಳೇದಕ್ಕೇ ಅಂದಿರ್ತಾರ ಸರ್!"

"ಕೊನೀದು ನಂದು."

ಮಾತಾಡಿದವರು ಶಿವಕಾಂತಾ. ಕುಳಿತಲ್ಲಿಂದಲೇ, ಗಂಡನ ಕಡೆ ನೋಡದೆ. "ಈಕಿ ನನ್ನ ಕೇಳಾಕ ಬಂದಿದ್ದಳು, ಗ್ವಾಡಿಯಾಗ ಏನು ಕೇಳಿಸ್ತು ಅಂತ. ಇಷ್ಟು ವರ್ಷದಾಗ ಯಾರೂ ಕೇಳಿರಲಿಲ್ಲ. ಏನೂ ಕೇಳಿಸಲಿಲ್ಲ. ನಂದೇ ಎದಿ ಬಡಿಯೋದು ಕೇಳಿಸ್ತು. ಬೆನ್ನ ಹಿಂದ ಅತ್ತಿ ನಿಂತಿದ್ರು, ನಕ್ಕಳು ಅಂದೆ. ಅತ್ತೀನೂ ಹಂಗೇ ಅಂದಿರಬೇಕು."

"ಶಿವಕಾಂತಾ!"

"ಪರೀಕ್ಷಾ ತಪ್ಪಿಸೋದಿದ್ರ ಮೊದಲ ನನ್ನ ಮನಿ ಬಿಡಸ್ರಿ. ಅರ್ಧ ನಾ ಹೇಳಿಕೊಟ್ಟೇನಿ. ಬುರುಜಿನಾಗ ಇನ್ನೂ ಜಾಗಾ ಅದ."

ಸಾಹುಕಾರರು ಬಿದ್ದ ಕುರ್ಚಿಯನ್ನು ತಾವೇ ಎತ್ತಿ, ಅದರಲ್ಲಿ ಕೂರದೆ, ಹೊರಗೆ ನಡೆದರು. ಅನೀಲಕುಮಾರರು ಹಿಂದೆ ಓಡಿ ಬಾಗಿಲಲ್ಲಿ ನಿಂತುಬಿಟ್ಟರು.

"ಓದು ಮಗಳ," ಎಂದರು ಶಿವಕಾಂತಾ.

ಮುಸ್ಕಾನ ಓದಲಿಲ್ಲ. ದೌಲತರಾಯರನ್ನೇ ನೋಡುತ್ತಿದ್ದಳು. ಅವರು ಚೀಲದಿಂದ ಎಣ್ಣೆ ಮೆತ್ತಿದ ಪ್ರತಿಯನ್ನು ತೆಗೆದರು.

"ಒಂದು ಅಕ್ಷರಾನೂ ನಾ ಬರದಿಲ್ಲ," ಎಂದರು. "ಓದಿಲ್ಲ ಸುದ್ದಾ. ಎಲ್ಲಾ ಈಕೀದು. ಈಕೀನ ಉಳಸಬೇಕು ಅಂತ ಎದ್ದು ನಿಂತೆ, ಖರೆ. ಚಪ್ಪಾಳಿ ಬೀಳ್ತದ ಅಂತನೂ ನಿಂತೆ."

"ಬಸ್ಸಿನ್ಯಾಗಿನ ಮಾತು ಸರ್?" ಹಿಂದಿನ ಬೆಂಚು ಬಿಡಲಿಲ್ಲ.

"ಅದೂ ಸುಳ್ಳು. ಕಂಡಕ್ಟರ್ ಒಬ್ಬ ಮುದುಕೀನ ನಡು ಹಾದ್ಯಾಗ ಇಳಿಸಿದ. ನಾ ಕಿಡಕಿ ಕಡಿ ಮುಖ ಮಾಡಿ ಕುಂತೆ. ಹೊಳಿ ತನ್ನ ಪಾಡಿಗೆ ಮುಂದ ಹರದಿತ್ತು."