ಸದಸ್ಯರಿಗೆ ಮಾತ್ರ

ಗುಂಡಿ ಒತ್ತಿದ್ದಾಯಿತು. ಇನ್ನು ಸದಸ್ಯರಲ್ಲದವರು ವೇದಿಕೆಯ ಒಂದು ಸಾಲನ್ನೂ ಓದುವ ಹಾಗಿಲ್ಲ.

ಉಪನ್ಯಾಸಕಿ ಕುರ್ಚಿಗೆ ಒರಗಿದಳು. ಬೆಳಗಿನ ಹನ್ನೊಂದು ಗಂಟೆ, ಕಾಲೇಜಿಗೆ ರಜೆ. ಕಿವಿ ಕೇಳಿಸದವರ ಮನೆಯವರು ತಮ್ಮ ಪಾಡು ಬರೆದುಕೊಳ್ಳುವ ಆ ಆನ್‌ಲೈನ್ ವೇದಿಕೆಯನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರೇ: ಅದನ್ನು ಶುರುಮಾಡಿದ ಡಾಕ್ಟರು ಮತ್ತು ಅವಳು. ಯಾರೋ ಕಿಡಿಗೇಡಿ ಅಲ್ಲಿನ ಬರಹಗಳನ್ನು ಎತ್ತಿ ಬೇರೆ ಕಡೆ ಹಾಕಿ ಗೇಲಿ ಮಾಡಿದ್ದ. ಹೆಸರು, ಫೋನ್ ನಂಬರು, ಸೇರುವ ಕಾರಣ ಕೊಟ್ಟವರನ್ನಷ್ಟೇ ಒಳಗೆ ಬಿಡೋಣವೆಂದು ಪಟ್ಟು ಹಿಡಿದವಳು ಅವಳೇ.

ಡಾಕ್ಟರು ಫೋನ್ ಮಾಡಿದರು.

"ಆಯ್ತಾ ಮೇಡಂ?"

"ಆಯ್ತು ಸಾರ್."

"ಸುಮ್ನೆ ಓದ್ಕೊಂಡು ಹೋಗೋರೇ ದಿನಕ್ಕೆ ಇನ್ನೂರು ಜನ ಇದ್ರು. ಪಾಪ."

"ಬೇಕಾದೋರು ಬರ್ತಾರೆ ಬಿಡಿ. ಹೆಸರು ಹೇಳೋಕೇನು ಕಷ್ಟ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅವಳು ಅಲ್ಲಿ ಬರೆಯುತ್ತಿದ್ದುದು 'ಬಾಯಿಬಡುಕಿ' ಎಂಬ ಹೆಸರಿನಲ್ಲಿ. ಮದುವೆಯಾದ ಹೊಸದರಲ್ಲಿ ಅತ್ತೆ ಇಟ್ಟ ಅಡ್ಡಹೆಸರು ಅದು. ಬರೆಯುವವಳು ಅವಳೆಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಜ್ವರ ಬಂದು ಗಂಡನ ಕಿವಿ ಹೋಯಿತು. ಅಂದಿನಿಂದ ಅವಳ ಮಾತು ನಡುಮನೆಯ ಬಿಳಿ ಹಲಗೆಯ ಮೇಲೆ. ಹಾಲು ಮುಗಿದಿದೆ. ನಲ್ಲಿ ಸೋರುತ್ತಿದೆ. ಉಳಿದದ್ದೆಲ್ಲ ವೇದಿಕೆಗೆ. 'ಎದುರಿಗೇ ನಿಂತು ಬೈದೆ. ನಕ್ಕರು. ಎಷ್ಟು ಹಗುರಾಯಿತು!' ಎಂದು ಬರೆದಾಗ ನಲವತ್ತು ಜನ ಮೆಚ್ಚಿದ್ದರು.

ಹನ್ನೊಂದೂವರೆಗೆ ಮೊದಲ ಅರ್ಜಿ ಬಂತು. ಹೆಸರು ಗಂಡನದು. ಫೋನ್ ನಂಬರನ್ನು ಎರಡು ಸಲ ಓದಿದಳು.

ಕಾರಣ: 'ಕಿವಿ ಕೇಳಿಸದಿರುವುದು ನನಗೇ. ಎರಡು ವರ್ಷದಿಂದ ದಿನಾ ಓದುತ್ತಿದ್ದೆ, ಬಾಯಿಬಡುಕಿ ಬರೆಯುವುದನ್ನು ಮಾತ್ರ. ಇವತ್ತು ನೋಡಿದರೆ ಬಾಗಿಲು ಹಾಕಿದೆ. ದಯವಿಟ್ಟು ಒಳಗೆ ಬಿಡಿ.'

ಅವನು ಪಾತ್ರೆ ಕುಕ್ಕುವ ಸದ್ದಿಗೆ ತಲೆ ಸಿಡಿಯುತ್ತದೆಂದು ಒಮ್ಮೆ ಬರೆದಿದ್ದಳು. ಮಾರನೆಯ ದಿನದಿಂದ ಅವನು ಪಾತ್ರೆಗಳ ಕೆಳಗೆ ಬಟ್ಟೆ ಹಾಸತೊಡಗಿದ್ದ. ಆಗ ಆಶ್ಚರ್ಯಪಟ್ಟಿದ್ದಳು, ಅಷ್ಟೆ.

ಹೋದ ತಿಂಗಳು ಬರೆದದ್ದು? 'ಇವರಿಗೆ ಮತ್ತೆ ಕಿವಿ ಬಂದುಬಿಟ್ಟರೆ ಎಂದು ಒಮ್ಮೊಮ್ಮೆ ಭಯವಾಗುತ್ತದೆ.'

ಆ ವಾರವೇ ಅವನು ಹೊಸ ಕಿವಿಯ ಮೆಷಿನನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟಿದ್ದ. ಹೊಂದುತ್ತಿಲ್ಲ ಅಂದಿದ್ದ. ಅವಳು ಎರಡನೇ ಸಲ ಕೇಳಿರಲಿಲ್ಲ.

ಎದ್ದು ನಡುಮನೆಗೆ ಹೋದಳು. ಗಂಡ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ.

"ಪೇಪರ್ ತಿದ್ದಿದ್ದು ಮುಗೀತಾ?"

ಇಲ್ಲವೆಂದು ತಲೆಯಾಡಿಸಿದಳು. ವೇದಿಕೆಯ ಕೆಲಸಕ್ಕೆ ಅವನಿಗೆ ಹೇಳಿಕೊಂಡು ಬಂದ ನೆಪ ಅದು. ಹಲಗೆಯ ಮೇಲೆ ಬರೆದಳು: ಏನು ನೋಡ್ತಿದ್ದೀರಿ?

"ಏನಿಲ್ಲ. ಒಂದ್ಕಡೆಯಿಂದ ಉತ್ತರ ಬರ್ಬೇಕಿತ್ತು."

ಯಾರಿಂದ?

"ಯಾರೋ. ಸ್ವಲ್ಪ ಕಟ್ಟುನಿಟ್ಟಿನ ಜನ ಅನ್ಸುತ್ತೆ."

ಮುಖ ನೋಡಿದಳು. ನಗುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಹಲಗೆಯ ಮೇಲೆ ಇನ್ನೂ ಜಾಗವಿತ್ತು. ಪೆನ್ನಿಗೆ ಮುಚ್ಚಳ ಹಾಕಿದಳು.

ಕೋಣೆಗೆ ಮರಳಿ ಬಾಗಿಲು ಮುಂದೆ ಮಾಡಿದಳು. ಪರದೆಯ ಮೇಲೆ ಎರಡು ಗುಂಡಿ: ಒಪ್ಪಿಗೆ, ನಿರಾಕರಣೆ. ಒಪ್ಪಿದರೆ ಇನ್ನೇನು ಬರೆಯುವುದು? ನಿರಾಕರಿಸಿದರೆ ಯಾರಿಗೆ ಬರೆಯುವುದು? ನಲವತ್ತು ಜನರ ಹೆಸರುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಮೂರು ಸಲ, ಮೆಲ್ಲಗೆ.

"ಬನ್ನಿ," ಅಂದಳು.

ಚಿಲಕ ಹಾಕಿರಲಿಲ್ಲ. ತಳ್ಳಿದರೆ ತೆರೆದುಕೊಳ್ಳುವ ಬಾಗಿಲು. ಹೊರಗಿದ್ದವನು ಅಪ್ಪಣೆಗೆ ಕಾದು, ಮತ್ತೆ ಮೂರು ಸಲ ತಟ್ಟಿದ.

"ಬನ್ನಿ," ಅಂದಳು, ಕೂತಲ್ಲಿಂದ ಏಳದೆ, ಮೊದಲಿಗಿಂತ ಮೆಲ್ಲಗೆ.